ಹೆಡ್‌ಫೋನಿನ ಕೇಬಲ್‌ಗೆ ಎಷ್ಟು ಹಣ ಕೊಡಬೇಕು?



ಭಾರತದ ಮೊತ್ತಮೊದಲ ಎಫ್‌ಎಂ ಪ್ರಸಾರ ಶುರುವಾದದ್ದು ಮದರಾಸಿನಲ್ಲಿ, ಎಂದರೆ ಇಂದಿನ ಚೆನ್ನೈಯಲ್ಲಿ, 1977ರ ಜುಲೈ 23ರಂದು. ಅಲ್ಲಿಯವರೆಗೆ ಈ ಊರಿನವರು ರೇಡಿಯೋದ ಹಾಡು ಕೇಳುತ್ತಿದ್ದುದು ಮೀಡಿಯಂ ವೇವ್‌ನಲ್ಲಿ. ಅದು ಹೊತ್ತು ತರುತ್ತಿದ್ದುದು ಸುಮಾರು 5 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು. ಎಫ್‌ಎಂ 15 ಕಿಲೋಹರ್ಟ್ಸ್‌ವರೆಗೆ ತರುತ್ತದೆ. ಹಾಡು ಅದೇ, ಗಾಯಕರು ಅವರೇ. ಆದರೂ ತಂಬೂರಿಯ ಝೇಂಕಾರ, ತಾಳದ ಕಿಣಿಕಿಣಿ, ಚರಣಗಳ ನಡುವೆ ಗಾಯಕರು ಎಳೆದುಕೊಳ್ಳುವ ಉಸಿರು ಎಲ್ಲವೂ ಎಫ್‌ಎಂನಲ್ಲಿ ಕಿವಿಗೆ ಹತ್ತಿರ ಬರುತ್ತವೆ. ಸ್ವರಜ್ಞಾನ ಇಲ್ಲದವರಿಗೂ ಈ ವ್ಯತ್ಯಾಸ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ನಿಜವಾದ ವ್ಯತ್ಯಾಸದ ಗುಣವೇ ಅಂಥದ್ದು. ಅದು ಕೇಳಿಸಬೇಕಾದರೆ ಮೊದಲೇ ನಂಬಿ ಕೂರಬೇಕಾಗಿಲ್ಲ.

ಇಂದು ನಾನು ಮಾತಾಡಲು ಎತ್ತಿಕೊಂಡಿರುವ ಪ್ರಶ್ನೆ ಒಂದೇ. ಹೆಡ್‌ಫೋನಿಗೆ ದುಬಾರಿ ಕೇಬಲ್ ಕೊಂಡರೆ ಅಂಥ ವ್ಯತ್ಯಾಸ ಏನಾದರೂ ಸಿಗುತ್ತದೆಯೇ?

ಚೆನ್ನೈಯಲ್ಲಿ ಧ್ವನಿಮುದ್ರಣದ ಕೆಲಸದಲ್ಲಿರುವ ನನ್ನ ಬಳಿಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಹೆಚ್ಚಾಗಿ ಹಳೆಯ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು. ನಮ್ಮ ಕಡೆಯ ಮಕ್ಕಳೂ ಅವರಲ್ಲಿದ್ದಾರೆ. ಶಿವಮೊಗ್ಗ, ಹಾಸನ, ಮಂಗಳೂರು, ಬಳ್ಳಾರಿಯಿಂದ ಬಂದು ಶೋಳಿಂಗನಲ್ಲೂರು, ಸಿರುಸೇರಿ ಕಡೆ ಇಬ್ಬರು ಮೂವರು ಸೇರಿ ಮನೆ ಹಿಡಿದಿರುತ್ತಾರೆ. ಅಂಥ ಮನೆಯಲ್ಲಿ ದೊಡ್ಡ ಸ್ಪೀಕರ್ ಹಚ್ಚುವಂತಿಲ್ಲ. ಹಾಡಿನ ಹುಚ್ಚು ಇದ್ದವರು ಸಂಬಳ ಕೂಡಿಸಿ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳುತ್ತಾರೆ. ಅಲ್ಲಿಗೆ ಸಂತೋಷವಾಗಿ ಕೇಳುತ್ತಾ ಇದ್ದುಬಿಡಬಹುದಿತ್ತು. ಆದರೆ ಯಾರೋ ಬಂದು ಹೇಳುತ್ತಾರೆ: ಪೆಟ್ಟಿಗೆಯ ಜೊತೆ ಬಂದ ಕೇಬಲ್ ಸಾಲದು, ಬೆಳ್ಳಿಯ ಕೇಬಲ್ ಹಾಕಿದರೆ ಧ್ವನಿಯ ಮೇಲಿನ ಪರದೆ ಸರಿಯುತ್ತದೆ, ಮಂದ್ರ ತುಂಬಿಕೊಳ್ಳುತ್ತದೆ, ತಾರಸ್ಥಾಯಿ ಮಿಂಚುತ್ತದೆ. ಬೆಲೆ ಹತ್ತು ಸಾವಿರದಿಂದ ಶುರುವಾಗಿ ಲಕ್ಷ ದಾಟುತ್ತದೆ. ಹಾಡನ್ನು ನಿಜವಾಗಿ ಪ್ರೀತಿಸುವವರೇ ಈ ಮಾತಿಗೆ ಬೇಗ ಸೋಲುತ್ತಾರೆ. ತಮಗೆ ಸಿಗಬೇಕಾದದ್ದು ಪೂರ್ತಿ ಸಿಗುತ್ತಿಲ್ಲವೇನೋ ಎಂಬ ಕಳವಳ ಅವರದು. ಆ ಕಳವಳವನ್ನು ಲೆಕ್ಕದಿಂದ ಕಳೆಯಬಹುದು.

ಕೇಬಲ್‌ಗೆ ಇರುವ ಕೆಲಸ ಒಂದೇ. ಆಂಪ್ಲಿಫೈಯರ್ ಕೊಟ್ಟ ವಿದ್ಯುತ್ತನ್ನು ಹೆಡ್‌ಫೋನಿನ ಸುರುಳಿಗೆ ತಲುಪಿಸಿ, ಅಲ್ಲಿಂದ ಹಿಂದಕ್ಕೆ ತರಬೇಕು. ಈ ಹಾದಿಯಲ್ಲಿ ತಂತಿ ಸ್ವಲ್ಪ ತಡೆ ಒಡ್ಡುತ್ತದೆ. ಅದನ್ನು ರೋಧ ಎನ್ನುತ್ತೇವೆ, ಓಮ್‌ನಲ್ಲಿ ಅಳೆಯುತ್ತೇವೆ. ಜರ್ಮನಿಯ ಗೇಯಾರ್ಗ್ ಓಮ್ ತನ್ನ ನಿಯಮವನ್ನು 1827ರಲ್ಲೇ ಪ್ರಕಟಿಸಿದ. ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ ಆ ನಿಯಮ ಈ ಲೆಕ್ಕಕ್ಕೆ ಸಾಕು.

ಸಾಮಾನ್ಯ ಹೆಡ್‌ಫೋನಿನ ಜೊತೆ ಬರುವ ತೆಳ್ಳಗಿನ ತಾಮ್ರದ ಕೇಬಲನ್ನೇ ತೆಗೆದುಕೊಳ್ಳಿ. ಉದ್ದ ಒಂದೂವರೆ ಮೀಟರ್, ತಂತಿ 28 ಗೇಜ್ (ಗೇಜ್ ಅಂಕಿ ಇಳಿದಷ್ಟೂ ತಂತಿ ದಪ್ಪ). ಹೋಗಿ ಬರುವ ಹಾದಿ ಮೂರು ಮೀಟರ್. ಒಟ್ಟು ರೋಧ ಸುಮಾರು 0.64 ಓಮ್. ಇದನ್ನು 300 ಓಮ್‌ನ ಹೆಡ್‌ಫೋನಿಗೆ ಜೋಡಿಸೋಣ. 1997ರಲ್ಲಿ ಬಂದು ಇಂದಿಗೂ ರಸಿಕರು ಮೆಚ್ಚಿ ಕೊಳ್ಳುವ ಸೆನ್‌ಹೈಸರ್ ಎಚ್‌ಡಿ 600 ಅಂಥ ಒಂದು ಮಾದರಿ. ಕೇಬಲ್‌ನಿಂದ ಅದರಲ್ಲಿ ಆಗುವ ನಷ್ಟ ಸುಮಾರು 0.02 ಡೆಸಿಬೆಲ್. 32 ಓಮ್‌ನ ಹೆಡ್‌ಫೋನ್ ಆದರೆ 0.17 ಡೆಸಿಬೆಲ್. ನುರಿತ ಕಿವಿ ಕೂಡ ಹಾಡಿನಲ್ಲಿ ಸಾಮಾನ್ಯವಾಗಿ ಗುರುತಿಸುವುದು ಅರ್ಧದಿಂದ ಒಂದು ಡೆಸಿಬೆಲ್ ವ್ಯತ್ಯಾಸವನ್ನು. ಅಲ್ಲದೆ ಇಲ್ಲಿ ಆಗುವ ನಷ್ಟ ಮಂದ್ರಕ್ಕೂ ತಾರಕ್ಕೂ ಹೆಚ್ಚುಕಡಿಮೆ ಒಂದೇ ಸಮ. ಎಂದರೆ ಧ್ವನಿಯ ಬಣ್ಣ ಬದಲಾಗುವುದಿಲ್ಲ, ಮಟ್ಟ ಒಂದು ಎಳೆಯಷ್ಟು ಇಳಿಯುತ್ತದೆ. ವಾಲ್ಯೂಮನ್ನು ತುಸು ತಿರುಗಿಸಿದರೆ ಅದೂ ತುಂಬಿಹೋಗುತ್ತದೆ.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡುತ್ತೇನೆ. ಎರಡು ಒಳ್ಳೆಯ ಹೆಡ್‌ಫೋನುಗಳನ್ನು ಅಳೆದು ನೋಡಿದರೆ ಕೆಲವು ಸ್ವರಗಳಲ್ಲಿ ಅವುಗಳ ನಡುವೆ 5 ರಿಂದ 10 ಡೆಸಿಬೆಲ್ ಅಂತರ ಸಿಗುವುದು ಮಾಮೂಲು. ಕಿವಿಯ ಮೆತ್ತೆ ಹಳತಾಗಿ ಚಪ್ಪಟೆಯಾದರೆ ಮಂದ್ರ ಹಲವು ಡೆಸಿಬೆಲ್ ಕುಸಿಯುತ್ತದೆ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದರೂ ಹಾಗೇ ಆಗುತ್ತದೆ. ಕಿವಿಯೊಳಗೆ ಇಡುವ ಇಯರ್‌ಫೋನಿನ ರಬ್ಬರು ತುದಿ ಸರಿಯಾಗಿ ಕೂರದಿದ್ದರೆ 10 ಡೆಸಿಬೆಲ್‌ಗೂ ಹೆಚ್ಚು ಮಂದ್ರ ಸೋರಿಹೋಗುತ್ತದೆ. ನಿಮ್ಮ ಹಾಡು ಸೊರಗಿದೆ ಅನ್ನಿಸಿದಾಗ ಮೊದಲು ನೋಡಬೇಕಾದದ್ದು ಈ ಜಾಗಗಳನ್ನು.

ಇನ್ನು ಬೆಳ್ಳಿಯ ಮಾತು. ಲೋಹಗಳಲ್ಲಿ ವಿದ್ಯುತ್ತನ್ನು ಅತ್ಯಂತ ಸಲೀಸಾಗಿ ಹರಿಯಗೊಡುವುದು ಬೆಳ್ಳಿ, ಇದು ನಿಜ. ತಾಮ್ರಕ್ಕಿಂತ ಅದು ಮುಂದಿರುವುದು ನೂರಕ್ಕೆ ಸುಮಾರು ಆರರಷ್ಟು. ಮೇಲೆ ಹೇಳಿದ 0.64 ಓಮ್ ಬೆಳ್ಳಿಯಲ್ಲಿ 0.60 ಓಮ್ ಆಗುತ್ತದೆ. ತಾಮ್ರದ ತಂತಿಯನ್ನೇ ಒಂದಿಷ್ಟು ದಪ್ಪ ಮಾಡಿದರೆ ಕೆಲವೇ ರೂಪಾಯಿಯಲ್ಲಿ ಇದಕ್ಕಿಂತ ಹೆಚ್ಚಿನ ಲಾಭ ಸಿಗುತ್ತದೆ. 24 ಗೇಜ್ ತಾಮ್ರದಲ್ಲಿ ಅದೇ ಉದ್ದದ ಕೇಬಲ್‌ನ ರೋಧ ಬರೀ 0.25 ಓಮ್. ಚಿನ್ನ ತಾಮ್ರಕ್ಕಿಂತ ಹಿಂದೆ ಬೀಳುವ ವಾಹಕ. ಪ್ಲಗ್ಗಿಗೆ ಅದನ್ನು ಲೇಪಿಸುವ ಕಾರಣವೇ ಬೇರೆ, ಆ ಮಾತಿಗೆ ಬರುತ್ತೇನೆ. ಆಮ್ಲಜನಕ ತೆಗೆದ ತಾಮ್ರ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಮನೆಯ ವೈರಿಂಗಿಗೆ ಬಳಸುವ ಸಾಧಾರಣ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿ ಇರುವ ಅಂತರ ನೂರಕ್ಕೆ ಒಂದರಷ್ಟು. ಮೇಲಿನ ಸ್ವರಗಳು ತಂತಿಯ ಹೊರಮೈಯಲ್ಲೇ ಹರಿಯುತ್ತವೆ, ಅದಕ್ಕೆ ವಿಶೇಷ ಹೆಣಿಗೆ ಬೇಕು ಎಂದೂ ಹೇಳುತ್ತಾರೆ. ಮನುಷ್ಯ ಕೇಳಬಲ್ಲ ಅತಿ ಎತ್ತರದ 20 ಕಿಲೋಹರ್ಟ್ಸ್‌ನಲ್ಲಿ ತಾಮ್ರದೊಳಗೆ ವಿದ್ಯುತ್ತು ಇಳಿಯುವ ಆಳ ಸುಮಾರು 0.46 ಮಿಲಿಮೀಟರ್. 28 ಗೇಜ್ ತಂತಿಯ ಪೂರ್ತಿ ವ್ಯಾಸವೇ 0.32 ಮಿಲಿಮೀಟರ್. ವಿದ್ಯುತ್ತು ಇಡೀ ತಂತಿಯನ್ನು ತುಂಬಿಕೊಂಡೇ ಹರಿಯುತ್ತದೆ.

ಕಂಪ್ಯೂಟರಿನಿಂದ ಡಿಎಸಿಗೆ, ಎಂದರೆ ಡಿಜಿಟಲ್ ಅಂಕಿಗಳನ್ನು ಧ್ವನಿಯ ವಿದ್ಯುತ್ತಾಗಿ ಬದಲಿಸುವ ಸಾಧನಕ್ಕೆ, ಹೋಗುವ ಯುಎಸ್‌ಬಿ ಕೇಬಲ್ ವಿಚಾರವನ್ನು ಬೇಗ ಮುಗಿಸಬಹುದು. ಅಲ್ಲಿ ಹರಿಯುವುದು ಸೊನ್ನೆ ಒಂದರ ಲೆಕ್ಕ. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 14 ಲಕ್ಷ ಚಿಲ್ಲರೆ ಬಿಟ್‌ಗಳು ಸಾಕು. ಹಳೆಯ ಯುಎಸ್‌ಬಿ ದಾರಿಯ ವೇಗವೇ ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್. ಕೇಬಲ್ ಕೆಟ್ಟಿದ್ದರೆ ಟಿಕ್ ಟಿಕ್ ಸದ್ದು ಬರುತ್ತದೆ, ಹಾಡು ತುಂಡಾಗುತ್ತದೆ, ಅಥವಾ ನಿಂತೇ ಹೋಗುತ್ತದೆ. ತಂಬೂರಿಯ ನಾದ ಮಾತ್ರ ಮಸುಕಾಗಿ ಉಳಿದದ್ದೆಲ್ಲ ಸರಿಯಾಗಿರುವಂಥ ದೋಷ ಅಲ್ಲಿ ಹುಟ್ಟುವುದಿಲ್ಲ. ಪ್ರಿಂಟರಿಗೆ ಹಾಕುವ ಗಟ್ಟಿ ಕೇಬಲ್ ಇದಕ್ಕೂ ಸಾಕು.

ಕೇಬಲ್ ಬದಲಿಸಿದರೆ ಧ್ವನಿ ನಿಜವಾಗಿ ಬದಲಾಗುವ ಸಂದರ್ಭ ಒಂದಿದೆ. ಅದನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಕಿವಿಯೊಳಗಿಡುವ ಕೆಲವು ಇಯರ್‌ಫೋನುಗಳಲ್ಲಿ ಧ್ವನಿ ಹೊರಡಿಸುವ ನಾಲ್ಕಾರು ಪುಟ್ಟ ಆರ್ಮೇಚರ್ ಡ್ರೈವರುಗಳು ಇರುತ್ತವೆ. ಅಂಥವುಗಳ ಇಂಪೀಡೆನ್ಸ್, ಎಂದರೆ ವಿದ್ಯುತ್ತಿಗೆ ಒಡ್ಡುವ ಒಟ್ಟು ತಡೆ, ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಒಂದು ಸ್ವರದಲ್ಲಿ 5 ಓಮ್, ಇನ್ನೊಂದರಲ್ಲಿ 40 ಓಮ್ ಇದೆ ಎಂದಿಟ್ಟುಕೊಳ್ಳಿ. 0.64 ಓಮ್ ಕೇಬಲ್ ಹಾಕಿದರೆ ಮೊದಲ ಕಡೆ ಒಂದು ಡೆಸಿಬೆಲ್‌ಗಿಂತ ತುಸು ಹೆಚ್ಚು ನಷ್ಟ, ಎರಡನೆಯ ಕಡೆ 0.14. ಎರಡರ ನಡುವೆ ಸುಮಾರು 0.9 ಡೆಸಿಬೆಲ್ ಏರುಪೇರು. ಇದನ್ನು ಗಮನವಿಟ್ಟು ಕೇಳುವ ಕಿವಿ ಹಿಡಿಯಬಲ್ಲದು. ಅದೇ ಜಾಗಕ್ಕೆ 24 ಗೇಜ್ ತಾಮ್ರ ಹಾಕಿದರೆ ಏರುಪೇರು 0.4ಕ್ಕಿಂತ ಕೆಳಗಿಳಿಯುತ್ತದೆ. ಗಮನಿಸಿ, ಇಲ್ಲೂ ಪರಿಹಾರ ಕೊಟ್ಟದ್ದು ದಪ್ಪ ತಾಮ್ರ. ಅಂಥ ಕೇಬಲ್ ಒಂದೆರಡು ಸಾವಿರದೊಳಗೆ ಸಿಗುತ್ತದೆ.

ಇದೇ ಇಯರ್‌ಫೋನನ್ನು ಹಳೆಯ ಮಿಕ್ಸರಿಗೋ 10 ಓಮ್ ಔಟ್‌ಪುಟ್ ಇಂಪೀಡೆನ್ಸ್ ಇರುವ ಲ್ಯಾಪ್‌ಟಾಪಿಗೋ ಚುಚ್ಚಿದರೆ ಏನಾಗುತ್ತದೆ? ಏರುಪೇರು 7 ಡೆಸಿಬೆಲ್ ದಾಟುತ್ತದೆ. ಧ್ವನಿಯ ಬಣ್ಣವೇ ಬೇರೆಯಾಗುತ್ತದೆ. ಆದ್ದರಿಂದ ಸೂಕ್ಷ್ಮ ಇಯರ್‌ಫೋನ್ ಇರುವವರು ಹಣ ಹಾಕುವುದಾದರೆ ಒಂದು ಓಮ್‌ಗಿಂತ ಕಡಿಮೆ ಔಟ್‌ಪುಟ್ ಇಂಪೀಡೆನ್ಸ್ ಇರುವ ಚಿಕ್ಕ ಡಾಂಗಲ್‌ಗೆ ಹಾಕಲಿ. ಅದೂ ಕೆಲವೇ ಸಾವಿರದ ಮಾತು.

ಹಾಗಾದರೆ ದುಬಾರಿ ಕೇಬಲ್ ಹಾಕಿದ ಮೇಲೆ ಧ್ವನಿ ಚೆನ್ನಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಖಂಡಿತ ಇಲ್ಲ. ಅವರಿಗೆ ಹಾಗೆ ಕೇಳಿಸಿದೆ. ಕೇಳುವುದೆಂದರೆ ಕಿವಿಯೊಂದರ ಕೆಲಸವಲ್ಲ. ನೆನಪು, ನಿರೀಕ್ಷೆ, ಗಮನ ಎಲ್ಲ ಅದರಲ್ಲಿ ಸೇರುತ್ತವೆ. ಹೊಸ ಕೇಬಲ್ ಹಾಕಿದ ದಿನ ನಾವು ಹೊಸದಾಗಿ ಗಮನ ಕೊಟ್ಟು ಕೇಳುತ್ತೇವೆ. ಗಮನ ಕೊಟ್ಟಾಗ ಅದುವರೆಗೆ ಕೇಳಿಸದಿದ್ದ ಘಟದ ಪೆಟ್ಟೊಂದು ಕೇಳಿಸುತ್ತದೆ. ಆ ಪೆಟ್ಟು ಹಳೆಯ ಕೇಬಲ್‌ನಲ್ಲೂ ಬರುತ್ತಿತ್ತು. ಹೆಡ್‌ಫೋನ್ ತೆಗೆದು ಮತ್ತೆ ತಲೆಗೆ ಹಾಕಿದಾಗ ಅದು ಕೂರುವ ಜಾಗ ಕೂದಲೆಳೆಯಷ್ಟು ಬದಲಾಗುತ್ತದೆ, ಧ್ವನಿಯೂ ಬದಲಾಗುತ್ತದೆ. ಇನ್ನೊಂದು ಮುಖ್ಯ ಕಾರಣ ಮಟ್ಟ. ಅದೇ ಹಾಡು ತುಸು ಗಟ್ಟಿಯಾಗಿ ಬಂದರೆ ನಮಗೆ ಅದು ಗಟ್ಟಿ ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ.

4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಪ್ಲಗ್ಗಿನ ಕೇಬಲ್‌ಗೆ ಬದಲಾದವರು ಹೇಳುವ ಅನುಭವದ ಹಿಂದೆ ಹೆಚ್ಚಾಗಿ ಇದೇ ಇದೆ. ಬ್ಯಾಲೆನ್ಸ್ಡ್ ಕಿಂಡಿಯಲ್ಲಿ ಆಂಪ್ಲಿಫೈಯರ್ ಸಾಮಾನ್ಯವಾಗಿ ಎರಡರಷ್ಟು ವೋಲ್ಟೇಜ್ ಕೊಡುತ್ತದೆ. ಎಂದರೆ 6 ಡೆಸಿಬೆಲ್ ಹೆಚ್ಚು. ವಾಲ್ಯೂಮ್ ಮುಟ್ಟದೆ ಕೇಬಲ್ ಬದಲಿಸಿದರೆ ಹಾಡು ಮೈದುಂಬಿ ಬಂದಂತೆ ಕೇಳಿಸಿಯೇ ತೀರುತ್ತದೆ. ಆ ಬಲ ಬಂದದ್ದು ಆಂಪ್ಲಿಫೈಯರಿನಿಂದ. ಬೆಲೆ ಕೊಟ್ಟದ್ದು ತಂತಿಗೆ.

ಮನಸ್ಸಿನ ಈ ಪ್ರಭಾವವನ್ನು ಬದಿಗಿಟ್ಟು ಕೇಳುವ ವಿಧಾನವನ್ನು ಶಬ್ದವಿಜ್ಞಾನಿಗಳು ಬಹಳ ಹಿಂದೆಯೇ ಕಂಡುಕೊಂಡರು. ಅಮೆರಿಕದ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿ ಅದನ್ನು ವಿವರಿಸಿದರು. ಎ ಒಂದು ಧ್ವನಿ, ಬಿ ಇನ್ನೊಂದು. ಮೂರನೆಯ ಎಕ್ಸ್ ಈ ಎರಡರಲ್ಲಿ ಯಾವುದು ಎಂದು ಹೇಳಬೇಕು. ಯಾವುದು ಏನೆಂದು ಕೇಳುವವರಿಗೆ ಮೊದಲೇ ತಿಳಿದಿರಬಾರದು. 1983ರ ಆಗಸ್ಟಿನಲ್ಲಿ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆ ಸ್ಪೀಕರ್ ಕೇಬಲ್‌ಗಳ ಮೇಲೆ ಇಂಥ ಪರೀಕ್ಷೆ ನಡೆಸಿ ಪ್ರಕಟಿಸಿತು. ಸ್ಪೀಕರಿಗೆ ಬಹಳ ತೆಳ್ಳಗಾಗುವ 24 ಗೇಜ್ ತಂತಿಯನ್ನು ಉದ್ದಕ್ಕೆ ಎಳೆದಾಗ ಮಟ್ಟ ಇಳಿಯುತ್ತದೆ. ಏಕರೂಪದ ಸದ್ದನ್ನು ಹಾಕಿದಾಗ ಕೇಳುಗರು ಅದನ್ನು ಗುರುತಿಸಿದರು. ಆದರೆ 16 ಗೇಜಿನ ಸಾಧಾರಣ ತಂತಿಗೂ ಹೆಸರಾಂತ ದುಬಾರಿ ಕೇಬಲ್‌ಗೂ ಸಂಗೀತದಲ್ಲಿ ಅವರಿಗೆ ವ್ಯತ್ಯಾಸ ಸಿಗಲಿಲ್ಲ. ಸಾಕಷ್ಟು ದಪ್ಪ ಇರಬೇಕು, ಅದರಾಚೆಗೆ ಏನೂ ಬೇಡ ಎಂಬುದು ಅಲ್ಲೇ ತೀರ್ಮಾನವಾಯಿತು.

ನೀವೂ ಮನೆಯಲ್ಲಿ ಪರೀಕ್ಷಿಸಬಹುದು. ಒಬ್ಬ ಗೆಳೆಯ ಅಥವಾ ಗೆಳತಿ ಬೇಕು. ಹೆಡ್‌ಫೋನ್ ನಿಮ್ಮ ತಲೆಯ ಮೇಲೇ ಇರಲಿ. ಕೇಬಲನ್ನು ಅವರು ಬದಲಿಸಲಿ. ನೀವು ಕೇಬಲನ್ನು ನೋಡಬಾರದು, ಮುಟ್ಟಲೂಬಾರದು, ಏಕೆಂದರೆ ತೂಕ, ಬಿಗುವು ಎರಡೂ ಗುಟ್ಟು ಬಿಟ್ಟುಕೊಡುತ್ತವೆ. ಯಾವ ಕೇಬಲ್ ಎಂಬುದನ್ನು ಅವರು ನಾಣ್ಯ ಚಿಮ್ಮಿ ನಿರ್ಧರಿಸಲಿ. ಮಾತು ಬೇಡ. ಹಾಡಿನ ಅದೇ ತುಣುಕು, ಅದೇ ವಾಲ್ಯೂಮ್. ಪ್ರತಿಸಲ ನಿಮ್ಮ ಉತ್ತರವನ್ನು ಕಾಗದದ ಮೇಲೆ ಬರೆಯಿರಿ. 16 ಸಲದಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಮಾತ್ರ. ಆಗ ಆ ಕೇಬಲ್ ಬಗ್ಗೆ ಯೋಚಿಸಿ. ಎಂಟೊಂಬತ್ತು ಸರಿಯಾದರೆ ಹಣ ಜೇಬಿನಲ್ಲೇ ಇರಲಿ. ಕೊಳ್ಳುವ ಮೊದಲು ಸ್ನೇಹಿತರ ಕೇಬಲ್ ಎರವಲು ತಂದು ಹೀಗೆ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು.

ಈ ಊರು ಕನ್ನಡದ ಕಿವಿಗೆ ಕೊಟ್ಟಿರುವ ಒಂದು ದೊಡ್ಡ ಆಸ್ತಿಯನ್ನೂ ಪರೀಕ್ಷೆಗೆ ಬಳಸಬಹುದು. ಕನ್ನಡ ಚಿತ್ರರಂಗ ದಶಕಗಳ ಕಾಲ ಮದರಾಸಿನಲ್ಲೇ ಬೆಳೆಯಿತು. ಜಿ.ಕೆ. ವೆಂಕಟೇಶ್, ಟಿ.ಜಿ. ಲಿಂಗಪ್ಪ, ರಾಜನ್–ನಾಗೇಂದ್ರ ಅವರ ಎಷ್ಟೋ ಹಾಡುಗಳು ಇಲ್ಲಿನ ಸ್ಟುಡಿಯೋಗಳಲ್ಲಿ ಮುದ್ರಣಗೊಂಡವು. ಪಿ.ಬಿ. ಶ್ರೀನಿವಾಸ್ ರಾಜ್‌ಕುಮಾರರಿಗೆ ಹಾಡಿದ್ದು ಇಲ್ಲಿ. ಇಳಯರಾಜಾ ತಮ್ಮ ಹೆಸರಿನಲ್ಲಿ ಸಂಗೀತ ಕೊಡುವ ಮೊದಲು ವೆಂಕಟೇಶರ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದದ್ದೂ ಇಲ್ಲೇ. ವಾದ್ಯಗಾರರೂ ಗಾಯಕರೂ ಒಂದೇ ಹಾಲಿನಲ್ಲಿ ಸೇರಿ, ಒಟ್ಟಿಗೆ ನುಡಿಸಿ ಹಾಡುತ್ತಿದ್ದ ಕಾಲ ಅದು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ.

ಅರವತ್ತರ ದಶಕದ ಆ ಹಾಡುಗಳು ಮೋನೋ ಮುದ್ರಣಗಳು. ಎಡಗಿವಿಗೂ ಬಲಗಿವಿಗೂ ಬರುವುದು ಅದೇ ಒಂದು ಧ್ವನಿ. ಪಿಟೀಲು ಎಡಕ್ಕೆ, ಕೊಳಲು ಬಲಕ್ಕೆ ಎಂಬ ಹರವು ಅದರಲ್ಲಿ ದಾಖಲಾಗಿಯೇ ಇಲ್ಲ. ಹೊಸ ಕೇಬಲ್ ಹಾಕಿದ ಮೇಲೆ ಅಂಥ ಹಾಡಿನಲ್ಲೂ ವಾದ್ಯಗಳು ಅಗಲಕ್ಕೆ ಹರಡಿಕೊಂಡಂತೆ ಕೇಳಿಸಿದರೆ, ಆ ಹರವು ಬಂದದ್ದು ನಮ್ಮ ನಿರೀಕ್ಷೆಯಿಂದ ಎಂದು ತಿಳಿಯಬೇಕು. ಇನ್ನೊಂದು ಮಾತು. ಗಾಯಕರ ಮುಂದಿನ ಮೈಕಿನಿಂದ ಮಿಕ್ಸರ್ ಕೋಣೆಯವರೆಗೆ ಆ ಧ್ವನಿ ಹಾದು ಬಂದದ್ದು ಹತ್ತಾರು ಅಡಿ ಉದ್ದದ ಗಟ್ಟಿಮುಟ್ಟಾದ ಸಾಧಾರಣ ತಾಮ್ರದ ಕೇಬಲ್‌ನಲ್ಲಿ. ಇಂದಿಗೂ ಸ್ಟುಡಿಯೋಗಳಲ್ಲಿ ಹಾಗೇ. ಜಗತ್ತಿನ ಎಷ್ಟೋ ಸ್ಟುಡಿಯೋ, ರೇಡಿಯೋ ಕೇಂದ್ರಗಳಲ್ಲಿ ಕಾಣುವ ಸೋನಿ ಎಂಡಿಆರ್ 7506 ಹೆಡ್‌ಫೋನ್ 1991ರಲ್ಲಿ ಬಂತು. ಅದರ ಸುರುಳಿ ಕೇಬಲನ್ನು ಬಿಚ್ಚಿ ಬದಲಿಸಲು ಕೂಡ ಆಗದು. ಹಾಡನ್ನು ಮಾಡುವವರು ಅದರಲ್ಲೇ ಕೇಳಿ ತೀರ್ಮಾನಿಸುತ್ತಾರೆ. ಮುದ್ರಣದಲ್ಲಿ ಇಲ್ಲದ ಏನನ್ನೂ ಕೊನೆಯ ಒಂದೂವರೆ ಮೀಟರ್ ತಂತಿ ಹೊಸದಾಗಿ ಸೇರಿಸಲಾರದು.

ಕೇಬಲ್‌ಗೆ ಒಂದಿಷ್ಟು ಹಣ ಕೊಡಲೇಬೇಕಾದ ಕಾರಣಗಳೂ ಇವೆ. ಚೆನ್ನೈಯವರಿಗಂತೂ ಅವು ಮುಖ್ಯ. ಇದು ಕಡಲ ತೀರದ ಊರು. ಗಾಳಿಯಲ್ಲಿ ಉಪ್ಪು, ತೇವ. ಮೈಯಲ್ಲಿ ವರ್ಷದ ಬಹುಭಾಗ ಬೆವರು. ಪಾರದರ್ಶಕ ಹೊದಿಕೆಯ ಇಯರ್‌ಫೋನ್ ಕೇಬಲ್ ಕೆಲವು ತಿಂಗಳಲ್ಲಿ ಹಸಿರಾಗುವುದನ್ನು ನೀವು ನೋಡಿರಬಹುದು. ಬೆವರು, ತೇವ ಒಳಗಿಳಿದು ತಾಮ್ರಕ್ಕೆ ಕಿಲುಬು ಹಿಡಿದ ಗುರುತು ಅದು. ಬೆಳ್ಳಿಗೆ ಗಂಧಕದ ಅನಿಲ ತಾಗಿದರೆ ಕಪ್ಪಾಗುತ್ತದೆ. ಮೇಲ್ಮೈ ಬಣ್ಣಗೆಟ್ಟ ಮಾತ್ರಕ್ಕೆ ಧ್ವನಿ ಕೆಡುವುದಿಲ್ಲ. ಕಿಲುಬು ಪ್ಲಗ್ಗಿನ ಸಂಪರ್ಕಕ್ಕೆ ಅಥವಾ ಬೆಸುಗೆಗೆ ಹತ್ತಿದರೆ ಮಾತ್ರ ಕರಕರ ಸದ್ದು ಶುರುವಾಗುತ್ತದೆ, ಒಂದು ಕಿವಿ ಬಂದು ಹೋಗುತ್ತದೆ. ಪ್ಲಗ್ಗಿಗೆ ಚಿನ್ನದ ಲೇಪ ಕೊಡುವುದು ಇದಕ್ಕಾಗಿ, ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಆ ಲೇಪಕ್ಕೆ ಬೇಕಾಗುವ ಚಿನ್ನ ಅತ್ಯಲ್ಪ. ಕೆಲವು ನೂರು ರೂಪಾಯಿಯ ಪ್ಲಗ್ಗಿನಲ್ಲೂ ಅದು ಇರುತ್ತದೆ. ಕೇಳಿ ಮುಗಿದ ಮೇಲೆ ಕೇಬಲನ್ನು ಒಣಬಟ್ಟೆಯಲ್ಲಿ ಒರೆಸಿ, ಸಡಿಲವಾಗಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಡಬ್ಬಿಯಲ್ಲಿಡಿ. ಆಗಾಗ ಪ್ಲಗ್ಗನ್ನು ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸಿ.

ಕೇಬಲ್ ಸಾಯುವುದು ಹೆಚ್ಚಾಗಿ ಪ್ಲಗ್ಗಿನ ಬುಡದಲ್ಲಿ, ಬಗ್ಗಿ ಬಗ್ಗಿ ಒಳಗಿನ ಎಳೆಗಳು ತುಂಡಾದಾಗ. ಆದ್ದರಿಂದ ಅಲ್ಲಿ ಮೆತ್ತನೆಯ ಬಲವಾದ ಕೊರಳು ಇರುವ ಕೇಬಲ್ ಆರಿಸಿ. ತುಂಡಾದರೂ ಎಸೆಯಬೇಡಿ. ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟ್‌ಗೆ ಹೋಗಿ. ಆ ರಸ್ತೆ, ಅದಕ್ಕೆ ಹೊಂದಿದ ನರಸಿಂಗಪುರಂ ಸ್ಟ್ರೀಟ್, ಸುತ್ತಲಿನ ಸಂದಿಗಳು ಸೇರಿ ದಕ್ಷಿಣ ಭಾರತದ ಬಹು ದೊಡ್ಡ ಎಲೆಕ್ಟ್ರಾನಿಕ್ಸ್ ಪೇಟೆ. ಅಲ್ಲಿ ಬಿಡಿ ಪ್ಲಗ್ಗು, ಮೀಟರ್ ಲೆಕ್ಕದಲ್ಲಿ ಒಳ್ಳೆಯ ತಾಮ್ರದ ತಂತಿ, ಬೆಸುಗೆ ಹಾಕಿಕೊಡುವ ನುರಿತ ಕೈ ಮೂರೂ ಸಿಗುತ್ತವೆ. ಕೆಲವು ನೂರು ರೂಪಾಯಿಗೆ ಒಂದು ಮಲ್ಟಿಮೀಟರ್ ಸಿಗುತ್ತದೆ, ಅದನ್ನೂ ತನ್ನಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಬರೆದುಕೊಳ್ಳಿ. ಆಮೇಲೆ ಕೇಬಲ್‌ನ ಎರಡು ತುದಿ ಅಳೆದು ಅದರಲ್ಲಿ ಇದನ್ನು ಕಳೆಯಿರಿ. ಒಂದು ಎಳೆಯ ರೋಧ ಅರ್ಧ ಓಮ್‌ಗಿಂತ ಕಡಿಮೆ ಬಂದರೆ, ಎಡ ಬಲ ಎರಡೂ ಸಮ ಇದ್ದರೆ, ಬಹುತೇಕ ಎಲ್ಲ ಹೆಡ್‌ಫೋನಿಗೂ ನಿಮ್ಮ ಕೇಬಲ್ ಸರಿಯಾಗಿದೆ.

ಇನ್ನೊಂದು ವಿಚಾರ ಉಜ್ಜುವ ಸದ್ದು. ಇಯರ್‌ಫೋನಿನ ಬಿರುಸು ಕೇಬಲ್ ಅಂಗಿಗೆ ತಾಗಿದಾಗಲೆಲ್ಲ ಗರಗರ ಸದ್ದು ನೇರ ಕಿವಿಗೆ ಬರುತ್ತದೆ. ಮೆದು ಕೇಬಲ್ ಕೊಂಡರೆ, ಕಿವಿಯ ಹಿಂದಿನಿಂದ ಸುತ್ತಿ ತಂದರೆ ಅದು ಬಹಳ ಕಡಿಮೆಯಾಗುತ್ತದೆ. ಇದು ಯಾರಿಗಾದರೂ ಕೇಳಿಸುವ ಸುಧಾರಣೆ. ಇದಕ್ಕೆ ಹಣ ಕೊಡುವುದು ನ್ಯಾಯ. ಲ್ಯಾಪ್‌ಟಾಪಿನಲ್ಲಿ ಕೇಳುವಾಗ ಗುಂಯ್ ಎನ್ನುವ ಸದ್ದು ಬಂದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ದೋಷ ಇರುವುದು ಚಾರ್ಜರಿನಲ್ಲೋ ಮನೆಯ ಅರ್ಥಿಂಗಿನಲ್ಲೋ. ಎಲೆಕ್ಟ್ರಿಷಿಯನ್ ಕರೆಯಿರಿ. ಅರ್ಥಿಂಗ್ ಸರಿಯಿಲ್ಲದ ಮನೆ ಹಾಡಿಗಿಂತ ಮೊದಲು ಜೀವಕ್ಕೆ ಅಪಾಯ.

ಹೀಗೆ ಓಮ್, ಡೆಸಿಬೆಲ್ ಎಂದು ಅಳೆಯುತ್ತಾ ಕೂತರೆ ಸಂಗೀತದ ಸೊಗಸು ಸತ್ತುಹೋಗುತ್ತದೆ ಎಂದು ಕೆಲವರು ನೊಂದುಕೊಳ್ಳುತ್ತಾರೆ. ಅವರಿಗೆ ಸಿ.ವಿ. ರಾಮನ್ ಅವರ ಕೆಲಸವನ್ನು ನೆನಪಿಸಲು ಬಯಸುತ್ತೇನೆ. ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1933ರಿಂದ ಬೆಂಗಳೂರಿನಲ್ಲಿ ನೆಲೆಸಿದ ಅವರು, ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆಯುವ ಎಷ್ಟೋ ಮೊದಲು ನಮ್ಮ ವಾದ್ಯಗಳನ್ನು ಅಳೆದವರು. ಮೃದಂಗದ ಬಲಗಡೆಯ ಕರಣೆ ಎಂಬ ಕಪ್ಪು ಲೇಪದಿಂದಾಗಿ ಅದರ ಉಪಸ್ವರಗಳು ತಂತಿವಾದ್ಯದಂತೆ ಸುಶ್ರಾವ್ಯ ಅನುಪಾತದಲ್ಲಿ ಕೂರುತ್ತವೆ ಎಂದು 1920ರಲ್ಲಿ ತೋರಿಸಿದರು. ತಂಬೂರಿ, ವೀಣೆಗಳಲ್ಲಿ ತಂತಿಯನ್ನು ಹೊರುವ ಬಾಗಿದ ಕುದುರೆಯಿಂದ ಹುಟ್ಟುವ ನಾದಸಮೃದ್ಧಿಯನ್ನು ಅದರ ಮರುವರ್ಷ ವಿವರಿಸಿದರು. ಅಳತೆಯಿಂದ ಮೃದಂಗದ ಮೋಡಿ ಕುಗ್ಗಲಿಲ್ಲ. ಅದನ್ನು ಕಟ್ಟಿದವರ ಜಾಣ್ಮೆಯ ಬಗ್ಗೆ ಗೌರವ ಹೆಚ್ಚಿತು. ನಾದ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದವರು ಹಣವನ್ನೂ ಗಮನವನ್ನೂ ಆ ಜಾಗಕ್ಕೇ ಕೊಡುತ್ತಾರೆ.

ಉಳಿಸಿದ ಹಣವನ್ನು ಎಲ್ಲಿ ಹಾಕಬೇಕು? ಮೊದಲು ಹೆಡ್‌ಫೋನಿಗೆ. ಕೇಬಲ್‌ಗೆಂದು ತೆಗೆದಿಟ್ಟ ಹದಿನೈದು ಸಾವಿರವನ್ನು ಸೇರಿಸಿ ಒಂದು ಮೆಟ್ಟಿಲು ಮೇಲಿನ ಹೆಡ್‌ಫೋನ್ ಕೊಂಡರೆ ವ್ಯತ್ಯಾಸ ಮನೆಯವರಿಗೂ ಕೇಳಿಸುತ್ತದೆ. ಎರಡನೆಯದು ಹೊಸ ಮೆತ್ತೆ, ಕಿವಿಯ ಅಳತೆಗೆ ಹೊಂದುವ ತುದಿ. ಮೂರನೆಯದು ಒಳ್ಳೆಯ ಮುದ್ರಣಗಳು. ನಾಲ್ಕನೆಯದು ಎದುರು ಕೂತು ಕೇಳುವ ಸಂಗೀತ. ಚೆನ್ನೈಯಲ್ಲಿದ್ದೂ ಡಿಸೆಂಬರ್ ಕಛೇರಿಗಳಿಗೆ ಹೋಗದಿದ್ದರೆ ದೊಡ್ಡ ನಷ್ಟ. ಹಲವು ಸಭೆಗಳಲ್ಲಿ ಮಧ್ಯಾಹ್ನದ ಕಛೇರಿಗಳಿಗೆ ಟಿಕೆಟ್ಟೇ ಇಲ್ಲ. ನಿಜವಾದ ತಂಬೂರಿ, ನಿಜವಾದ ಮೃದಂಗ ಹೇಗೆ ಕೇಳಿಸುತ್ತದೆ ಎಂದು ಕಿವಿಗೆ ಅಭ್ಯಾಸವಾದರೆ ಹೆಡ್‌ಫೋನ್ ಆರಿಸುವುದೂ ಸುಲಭವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಆಸ್ತಿ ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್‌ಗೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಬಸ್ಸಿನ ಸದ್ದನ್ನು ಮೀರಲು ವಾಲ್ಯೂಮ್ ಏರಿಸುವ ಅಭ್ಯಾಸ ಮೇಲಿನ ಸ್ವರಗಳನ್ನು ಕೇಳುವ ಶಕ್ತಿಯನ್ನು ಸವೆಸುತ್ತದೆ. ಹೋದ ಶಕ್ತಿಯನ್ನು ಯಾವ ಲೋಹದ ತಂತಿಯೂ ಮರಳಿ ತರದು.

ಕೇಬಲ್ ಮಾರುವವರಲ್ಲಿಯೂ ಒಂದು ವಿನಂತಿ. ಉದ್ದ, ಗೇಜ್, ಒಟ್ಟು ರೋಧ ಈ ಮೂರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ. ಪರದೆ ಸರಿಯುತ್ತದೆ, ಮಿಂಚುತ್ತದೆ ಎಂಬ ಮಾತುಗಳ ಜಾಗದಲ್ಲಿ ಅಳತೆ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಕ್ರಮಕ್ಕೆ ಅವಕಾಶ ಕೊಟ್ಟಿದೆ. ಮೋಸಹೋದೆ ಎನ್ನಿಸಿದ ಗ್ರಾಹಕರು 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ನನ್ನ ತೀರ್ಮಾನ ಇಷ್ಟು. ದಪ್ಪ ತಾಮ್ರ, ಚಿನ್ನ ಲೇಪಿಸಿದ ಗಟ್ಟಿ ಪ್ಲಗ್ಗು, ಮೆದು ಹೊದಿಕೆ, ಬೇಕಾದಷ್ಟೇ ಉದ್ದ. ಇವು ನಾಲ್ಕೂ ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಅಂದವನ್ನು ಕೊಂಡಂತೆ. ಅಂದ ಬೇಕೆಂದು ತಿಳಿದೇ ಕೊಳ್ಳುವವರು ಕೊಳ್ಳಲಿ, ತಪ್ಪಿಲ್ಲ. ನಾದ ಬೇಕೆಂದು ಕೊಳ್ಳುವವರು ದಯವಿಟ್ಟು ಕೊಳ್ಳಬೇಡಿ.